ಬಸವನಗುಡಿಯ ಸಂತೆಯಲ್ಲಿ ಬೆಂಡೆಕಾಯಿಯ ತುದಿ

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಮಲ್ಲೇಶ್ವರದಿಂದ ಹೊರಟೆ. ಬಸವನಗುಡಿಯ ಶಾಲೆಯೊಂದರ ಅಂಗಳದಲ್ಲಿ ವಾರಕ್ಕೊಮ್ಮೆ ನಡೆಯುವ ರೈತರ ಸಂತೆ ನಮ್ಮ ಗುರಿ. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿದೆವು. ಮಹಿಳೆಯರಿಗೆ ಟಿಕೆಟ್ ಉಚಿತ; ಅದನ್ನು ಭಿಕ್ಷೆಯೆಂದು ಗೊಣಗಿದ ಸಹಪ್ರಯಾಣಿಕರೊಬ್ಬರಿಗೆ ಅದು ಹಕ್ಕೆಂದು ವಿವರಿಸಬೇಕಾಯಿತು. ಕಿಟಕಿಯಾಚೆ ಪಾದಚಾರಿ ಮಾರ್ಗವನ್ನೆಲ್ಲ ಕಾರುಗಳು ಆಕ್ರಮಿಸಿದ್ದವು. ಮೋಡ ಕವಿದ ತಂಪು ಹವೆ. ಚಿಕ್ಕಮ್ಮ ಮಾತ್ರ ಮಧ್ಯಾಹ್ನದ ಗೊಜ್ಜಿನ ಯೋಚನೆಯಲ್ಲಿದ್ದರು.

ಸಂತೆ ಚಿಕ್ಕದು. ರಾಸಾಯನಿಕ ಮುಟ್ಟಿಸದೆ ಬೆಳೆದ ಸೊಪ್ಪು, ನಾಟಿ ಟೊಮ್ಯಾಟೊ, ಗಾಣದ ಎಣ್ಣೆ. ಹಡಗಿನಲ್ಲಿ ಬರುವ ಮೇಣ ಬಳಿದ ಸೇಬನ್ನು ಮರುಮಾತಿಲ್ಲದೆ ಕೊಳ್ಳುವ ನಾವು, ಪಕ್ಕದ ತಾಲ್ಲೂಕಿನ ಸೊಪ್ಪಿಗೆ ಚೌಕಾಸಿ ಮಾಡುವುದು ಅನ್ಯಾಯವೇ ಸರಿ.

ಮೂಲೆಯಲ್ಲಿ ಹಾರೋಹಳ್ಳಿ ಕಡೆಯ ಪುಟ್ಟಮ್ಮ ಬೆಂಡೆಕಾಯಿಯ ರಾಶಿ ಇಟ್ಟುಕೊಂಡು ಕುಳಿತಿದ್ದರು. ಇಷ್ಟು ಕಾಲ ದಲ್ಲಾಳಿ ಹೇಳಿದ ದರಕ್ಕೆ ಮಾರಿದವರು. ಇದು ಅವರಿಗೆ ಪರೀಕ್ಷೆಯ ವಾರ; ಮಾಲು ಖಾಲಿಯಾದರೆ ಮಾತ್ರ ಸಂಘಟಕರು ಜಾಗ ಕಾಯಂ ಮಾಡುತ್ತಿದ್ದರು. ಆದರೆ ಬಂದವರೆಲ್ಲ ನಮ್ಮೂರಿನ ಅಭ್ಯಾಸದಂತೆ, ಎಳೆಯದೇ ಎಂದು ತುದಿ ಮುರಿದು ನೋಡಿ, ಹಾಗೇ ಬಿಟ್ಟು ಹೋಗುತ್ತಿದ್ದರು. ಮುರಿದ ಕಾಯಿಯನ್ನು ಮತ್ತೊಬ್ಬರು ಮುಟ್ಟುವುದಿಲ್ಲ.

ಚಿಕ್ಕಮ್ಮನ ಕೈಯೂ ಚಾಚಿತು. ಟಕ್!

“ಮುರೀಬ್ಯಾಡಿ ಕಣವ್ವಾ! ಬಂದೋರೆಲ್ಲ ಮೂತಿ ಮುರ್ದು ಬುಟ್ಟು ಹೋಯ್ತಾವ್ರೆ,” ಎಂದರು ಪುಟ್ಟಮ್ಮ.

“ಮುರೀದೆ ಎಳೇದು ಅಂತ ಹೆಂಗಮ್ಮಾ ಗೊತ್ತಾಗುತ್ತೆ?”

“ಹೆಣ್ಣು ನೋಡಕ್ಕೋದಾಗ್ಲೂ ಬೆರಳು ಮುರ್ದು ನೋಡಿದ್ರಾ?”

ಹೆಣ್ಣು ನೋಡುವ ಪದ್ಧತಿಯೇ ತಪ್ಪೆಂದು ನಾನು ಹೇಳುವಷ್ಟರಲ್ಲಿ ಚಿಕ್ಕಮ್ಮ ನಕ್ಕುಬಿಟ್ಟಿದ್ದರು. ನಾನು ಸುತ್ತಲಿದ್ದವರ ಕಡೆ ತಿರುಗಿ, ಇನ್ನೊಬ್ಬರ ಶ್ರಮವನ್ನು ಹೀಗೆ ಹಾಳುಮಾಡುವುದು ಹಿಂಸೆ ಎಂದೆ. ಇಬ್ಬರು ಗ್ರಾಹಕರು ಮೆಲ್ಲನೆ ಜಾರಿಕೊಂಡರು.

“ಸುಮ್ನಿರೇ ಸ್ವಲ್ಪ, ನಿನ್ ಭಾಷಣಕ್ಕೆ ಬಂದೋರೂ ಓಡ್ಹೋಗ್ತಿದಾರೆ,” ಎಂದು ಗದರಿ ಚಿಕ್ಕಮ್ಮ ರಾಶಿಯ ಪಕ್ಕದಲ್ಲೇ ಕುಳಿತರು. ಒಂದು ಕಾಯಿ ಎತ್ತಿ ಎಲ್ಲರಿಗೂ ಕೇಳುವಂತೆ ಮುರಿದರು. “ಕೇಳಿಸ್ತಾ? ಎಲ್ಲಾ ಇವತ್ತು ಬೆಳಿಗ್ಗೆ ಕಿತ್ತಿದ್ದು. ನಾನು ಮುರಿದಾಯ್ತು, ಇನ್ಯಾರೂ ಮುರೀಬೇಡಿ!”

“ಒಂದು ಎಳೇದಿದ್ರೆ ಎಲ್ಲಾ ಎಳೇದಾ?” ಎಂದರು ಟೋಪಿಯ ಹಿರಿಯರೊಬ್ಬರು.

“ಬಲಿತಿದ್ರೆ ಮುಂದಿನ ವಾರ ತಂದು ನನ್ ತಲೆ ಮೇಲೆ ಸುರೀರಿ.”

ಹಿರಿಯರು ಪುಟ್ಟಮ್ಮನನ್ನು ಕೇಳಿದರು, “ಮುಂದಿನ ವಾರ ನೀವಿರ್ತೀರಾ?”

“ಇದು ಖಾಲಿಯಾದ್ರೆ ಇರ್ತೀನಿ ಸ್ವಾಮಿ.”

ಅವರು ಒಂದು ಕಿಲೋ ತೂಗಿಸಿದರು. ಹಿಂದೆಯೇ ಉಳಿದವರೂ ಚೀಲ ಚಾಚಿದರು. ಹೊತ್ತೇರುವಷ್ಟರಲ್ಲಿ ಮುರಿದ ಕಾಯಿಗಳಷ್ಟೇ ಉಳಿದವು; ಚಿಕ್ಕಮ್ಮ ಅವನ್ನೆಲ್ಲ ತೂಗಿಸಿ, ದುಡ್ಡು ಕೊಟ್ಟು ತಮ್ಮ ಬಟ್ಟೆಚೀಲಕ್ಕೆ ಬಾಚಿಕೊಂಡರು. “ಹೆಚ್ಚೋವಾಗ ತುದಿ ತೆಗೆದೇ ತೆಗೀತೀವಲ್ಲ!” ಬರಿದಾದ ಗೋಣಿಯನ್ನು ನೋಡಿದ ಸಂಘಟಕಿ, ಪುಟ್ಟಮ್ಮನಿಗೆ ಆ ಮೂಲೆಯನ್ನೇ ಗೊತ್ತು ಮಾಡಿದರು.

ಗೇಟಿನ ಬಳಿ ಹಿಂದಿನಿಂದ ಕೂಗು ಕೇಳಿ ತಿರುಗಿ ನೋಡಿದೆವು. ಪುಟ್ಟಮ್ಮ ಗೋಣಿ ಕೊಡವುತ್ತಿದ್ದರು.

“ಬರೋ ವಾರ ಬೇಗ ಬನ್ನಿ ಕಣವ್ವಾ, ಮುರ್ಯಕ್ಕೆ ನಿಮಗೇ ಅಂತ ಒಂದು ಎತ್ತಿಟ್ಟಿರ್ತೀನಿ!”