ಮುನೇಶ್ವರನ ವ್ಯಾಪ್ತಿಗೆ ಬಾರದ ಹಂಡೆ

ನ್ಯಾಯದಾನವು ಮನುಷ್ಯಕುಲದ ಅತ್ಯುನ್ನತ ಸಾಧನೆಗಳಲ್ಲೊಂದು. ಮರ್ಫಿ ಟೌನಿನ ನಮ್ಮ ವಠಾರದಲ್ಲಿ ಅದು ನಡೆಯುತ್ತಿದ್ದುದು ಬಚ್ಚಲಿನ ಪಕ್ಕ, ಹಲ್ಲುಜ್ಜುವ ಹೊತ್ತಿನಲ್ಲಿ.

ತೊಂಬತ್ತರ ದಶಕದ ಒಂದು ಬೆಳಿಗ್ಗೆ ಓನರ್ ಜಯಮ್ಮನವರ ತಾಮ್ರದ ಹಂಡೆ ಕಾಣೆಯಾಗಿತ್ತು. ಅನುಮಾನ ಬಾಡಿಗೆಗಿದ್ದ, ಬೋರ್ಡು ಬರೆಯುವ ಆಂಟನಿಯ ಮೇಲೆ. ಕಾರಣ, ಹಿಂದಿನ ದಿನ ಅವನು ಆ ಹಂಡೆಯನ್ನು ಹೊಗಳಿದ್ದ. ಜಯಮ್ಮ ತೀರ್ಪನ್ನೂ ಸಿದ್ಧಪಡಿಸಿಕೊಂಡೇ ಬಂದಿದ್ದರು: ಬೀದಿಮೂಲೆಯ ಗುಡಿಯ ಮುನೇಶ್ವರನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಪ್ರಮಾಣ ಮಾಡಬೇಕು, ಇಲ್ಲವೇ ಹೆಂಡತಿ ಮಕ್ಕಳೊಂದಿಗೆ ಸಂಜೆಯೊಳಗೆ ಮನೆ ಖಾಲಿ ಮಾಡಬೇಕು.

ನಾನಾಗ ಹಳೆಯ ಇಂಗ್ಲೆಂಡಿನ ಕಾನೂನಿನ ಬಗ್ಗೆ ದಪ್ಪ ಪುಸ್ತಕವೊಂದನ್ನು ಓದುತ್ತಿದ್ದೆ. ಯಾಕೆಂದು ಕೇಳಬೇಡಿ, ಶಿವಾಜಿನಗರದ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಕ್ಕಿತ್ತು. ಆಂಗ್ಲೋ-ಸ್ಯಾಕ್ಸನ್ನರು ಆರೋಪಿಯ ಕೈಗೆ ಕಾದ ಕಬ್ಬಿಣ ಹಿಡಿಸಿ, ಬಟ್ಟೆ ಸುತ್ತಿ, ಮೂರು ದಿನ ಬಿಟ್ಟು ಬಿಚ್ಚಿ ನೋಡುತ್ತಿದ್ದರಂತೆ. ಕೀವಾಗಿದ್ದರೆ ಅಪರಾಧಿ. ಆ ಲೆಕ್ಕಕ್ಕೆ ನಮ್ಮ ಕರ್ಪೂರ ಸುಧಾರಿತ ವ್ಯವಸ್ಥೆ, ಕಕ್ಷಿದಾರರನ್ನು ಕಾಯಿಸುವುದಿಲ್ಲ.

"ಮುನೇಶ್ವರ ನಿಮ್ ಕಡೇರು, ಅಕ್ಕ," ಎಂದ ಆಂಟನಿ. "ಚರ್ಚಿಗೆ, ಮೇರಿಯಮ್ಮನ ಹತ್ರ ಬನ್ನಿ, ಅಲ್ಲಿ ಹೇಳ್ತೀನಿ."

"ಅವಳು ನಿನ್ ಕಡೆ ಅಲ್ವೇನೋ?"

ಹಳೆಯ ಇಂಗ್ಲೆಂಡಿನವರಿಗೆ ಈ ತೊಡಕಿರಲಿಲ್ಲ. ಎಲ್ಲರಿಗೂ ಒಬ್ಬನೇ ದೇವರು, ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸುವಂತಿರಲಿಲ್ಲ. ನಾನು ಬಾಯಿಂದ ಬ್ರಷ್ ತೆಗೆದು ಪುಸ್ತಕದ ಇನ್ನೊಂದು ನಿಯಮವನ್ನು ಸಭೆಯ ಗಮನಕ್ಕೆ ತಂದೆ: ಆರೋಪಿಗಿಂತ ಮೊದಲು ಆರೋಪ ಹೊರಿಸಿದವರು ಪ್ರಮಾಣ ಮಾಡಬೇಕು.

"ಸಾರ್ ಹೇಳಿದ್ದು ಸರಿ," ಎಂದ ಆಂಟನಿ ಪಟ್ಟನೆ. "ನಿಮ್ ಮುನೇಶ್ವರನ ಮುಂದೇನೇ ಕರ್ಪೂರ ಆರಿಸ್ತೀನಿ. ನೀವು ಮೊದ್ಲು ಮೇರಿಯಮ್ಮನ ಮುಂದೆ ನಿಂತು, ಆಂಟನೀನೇ ಕದ್ದ ಅಂತ ಹೇಳ್ಬಿಡಿ."

ಪ್ರತಿ ಸೆಪ್ಟೆಂಬರಿನಲ್ಲಿ ಕೇಸರಿ ಸೀರೆಯುಟ್ಟು ಮೇರಿಯಮ್ಮನ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುವವರು ಜಯಮ್ಮನವರೇ. ಮೊಮ್ಮಗ ಹುಟ್ಟಿದ್ದು ಆ ತಾಯಿಯ ದಯೆಯಿಂದ ಎಂದು ವಠಾರಕ್ಕೆಲ್ಲ ಸಾರಿದವರೂ ಅವರೇ. ಮುನೇಶ್ವರನಾದರೆ ಮನೆಯವನು, ಹೇಗಾದರೂ ಸಮಾಧಾನ ಮಾಡಬಹುದು. ಹರಕೆಗೆ ಒಲಿದ ತಾಯಿಗೆ ಸುಳ್ಳು ಹೇಳುವುದು ಹೇಗೆ?

"ನಾನು ಕಣ್ಣಾರೆ ಕಂಡೆ ಅಂದ್ನಾ? ಯಾಕೋ ಹಂಗನ್ನಿಸ್ತು, ಅಷ್ಟೇ," ಎಂದರು. ಆಮೇಲೆ ನನ್ನತ್ತ ತಿರುಗಿ, "ನೀವ್ ಮೊದ್ಲು ಬಾಯಿ ತೊಳ್ಕೊಳ್ಳಿ ಸಾರ್."

ಹಂಡೆ ಸಿಗಲಿಲ್ಲ. ಆಂಟನಿಯ ಸಂಸಾರ ಅದೇ ಮನೆಯಲ್ಲಿ ಉಳಿಯಿತು.