ಒಳಗೆ ಖಾಲಿ ಬಿಟ್ಟ ಅಕ್ಷರಗಳು

ಜಯನಗರದಲ್ಲಿ ಹೊಸದಾಗಿ ತೆರೆಯಲಿದ್ದ ಆ ಹೋಟೆಲಿನಲ್ಲಿ ಎಲ್ಲವೂ ಹಳೆಯದರಂತೆ ಕಾಣಬೇಕಿತ್ತು. ಹೊಸ ಕುರ್ಚಿಗಳನ್ನೂ ಉಜ್ಜಿಸಿ ಹಳೆಯವು ಮಾಡಿಸಿದ್ದರು. ಬೋರ್ಡು ಮಾತ್ರ ನಿಜವಾಗಿಯೂ ಕೈಯಲ್ಲೇ ಬರೆದದ್ದಾಗಬೇಕು ಎಂದು ಕೋಣನಕುಂಟೆಯಿಂದ ನನ್ನನ್ನು ಕರೆಸಿದರು. ಬ್ರಷ್ಷುಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತರೆ ಮಾಲೀಕ ನನ್ನ ಹಿಂದೆ ಇಣುಕಿ, "ಪೇಂಟರ್ ಎಲ್ಲಕ್ಕ?" ಎಂದ. ನಾನೇ ಎಂದೆ. ಮೂವತ್ತು ವರ್ಷದಿಂದ ಇದೇ ಉತ್ತರ ಕೊಟ್ಟು ಸಾಕಾಗಿದೆ.

ಬರೆದದ್ದು ಅಪ್ಪ ಕಲಿಸಿದ ಹೊರಗೆರೆಯ ಅಕ್ಷರ. ಅಂಚಿಗೆ ಒಂದು ತೆಳು ಗೆರೆ, ತುದಿಗಳಿಗೆ ಪುಟ್ಟ ಪಾದ, ಒಂದು ಬದಿಗೆ ನೆರಳು. ಒಳಗೆ ಏನೂ ಇಲ್ಲ, ಹಲಗೆಯ ಹಸಿರೇ ಕಾಣಬೇಕು. ಬಣ್ಣ ತುಂಬಿಸುವ ಅಕ್ಷರದಲ್ಲಿ ಕೈ ಅಲುಗಿದರೂ ಮುಚ್ಚಿಹೋಗುತ್ತದೆ; ಇದರಲ್ಲಿ ಮುಚ್ಚಲು ಜಾಗವೇ ಇಲ್ಲ. ಅಪ್ಪ ಬರೆದ ಬೋರ್ಡುಗಳೆಲ್ಲ ಫ್ಲೆಕ್ಸ್ ಬಂದಮೇಲೆ ಗುಜರಿ ಸೇರಿದವು. ಅವರ ಕೈ ಉಳಿದಿರುವುದು ನನ್ನ ಹತ್ತಿರ ಮಾತ್ರ. ಅದಕ್ಕೇ ಐದೇ ಐದು ಅಕ್ಷರಕ್ಕೆ ನಾಲ್ಕು ದಿನ ಕೂತೆ.

ಪೂಜೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಮೈಯೆಲ್ಲ ಉರಿದುಹೋಯಿತು. ಐದೂ ಅಕ್ಷರಗಳಿಗೆ ಕೆಂಪು ತುಂಬಿಸಿಬಿಟ್ಟಿದ್ದರು.

"ಅರ್ಧಕ್ಕೇ ಬಿಟ್ಟು ಹೋಗಿದ್ರಲ್ಲಕ್ಕ, ಗೇಟ್ ಪೇಂಟ್ ಮಾಡೋರ ಕೈಲಿ ನಾವೇ ಫಿನಿಶ್ ಮಾಡಿಸ್ಬಿಟ್ವಿ," ಎಂದ ಮಾಲೀಕ, ಏನೋ ಉಪಕಾರ ಮಾಡಿದವನ ಹಾಗೆ.

"ಅರ್ಧ ಅಂತ ಯಾರ್ರೀ ಹೇಳಿದ್ದು ನಿಮಗೆ? ಒಂದು ಫೋನ್ ಮಾಡೋಕೆ ಏನಾಗಿತ್ತು?"

ಬರೆದವನು ಗಂಡಸಾಗಿದ್ದರೆ, ಇದು ಯಾಕೆ ಹೀಗಿದೆ ಎಂದು ಮಾಲೀಕ ಕೇಳುತ್ತಿದ್ದ. ಹೆಂಗಸು ಬರೆದದ್ದಲ್ಲವೇ, ಗೊತ್ತಾಗದೆ ಬಿಟ್ಟಿದ್ದಾಳೆ ಎಂದುಕೊಂಡ. ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ನನ್ನ ಗೆರೆಗಳು ಒಣಗಿ ಮೂರು ದಿನವಾಗಿತ್ತು, ಕೆಂಪು ಇನ್ನೂ ಹಸಿ. ಸ್ಟೂಲು ಎಳೆದುಕೊಂಡು ಹತ್ತಿದೆ. ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡು ಒರೆಸತೊಡಗಿದೆ. ಮಾಲೀಕ ಕೂಗಾಡಿದ. ಪೂಜೆಗೆ ಬಂದವರೆಲ್ಲ ಫುಟ್‌ಪಾತಿನಲ್ಲಿ ನಿಂತು ನೋಡಿದರು. ನಾಲ್ಕು ಅಕ್ಷರಗಳ ಕೆಂಪು ಹೋಯಿತು. ಹಿಂದಿನ ದಿನವೇ ತುಂಬಿಸಿದ್ದ ಮೊದಲನೆಯದು ಮಾತ್ರ ಒಣಗಿ ಕಚ್ಚಿಕೊಂಡಿತ್ತು. ಇನ್ನೂ ಉಜ್ಜಿದ್ದರೆ ಗೆರೆಯೇ ಅಳಿಸಿಹೋಗುತ್ತಿತ್ತು. ಅಷ್ಟು ಜನರ ಮುಂದೆ ಕಣ್ಣಲ್ಲಿ ನೀರು ಬಂತು. ಅದೊಂದನ್ನು ಹಾಗೇ ಬಿಟ್ಟು ಇಳಿದೆ.

ಈಗ ಜನ ಆ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಕೆಂಪು, ನಾಲ್ಕು ಖಾಲಿ. ಅದು ತನ್ನದೇ ಐಡಿಯಾ ಎಂದು ಮಾಲೀಕ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾನೆ. ಹೋದ ವಾರ ಜೆ.ಪಿ. ನಗರದ ಬೇಕರಿಯವರೊಬ್ಬರು ನನಗೆ ಫೋನ್ ಮಾಡಿದರು.

"ಅಕ್ಕ, ಜಯನಗರದಲ್ಲಿ ನಿಮ್ಮ ಬೋರ್ಡ್ ನೋಡ್ದೆ, ಸಖತ್ತಾಗಿದೆ. ನಮಗೂ ಅದೇ ಥರ ಬೇಕು. ಫಸ್ಟ್ ಅಕ್ಷರ ಮಾತ್ರ ಫುಲ್ ಕೆಂಪು."

"ಎಲ್ಲಾ ಖಾಲೀನೇ ಬರ್ಕೊಡ್ತೀನಿ," ಎಂದೆ. "ಕೆಂಪು ತುಂಬ್ಸೋಕೆ ಆ ಗೇಟ್ ಪೇಂಟರ್‌ನೇ ಕರೆಸ್ಕೊಳ್ಳಿ."