ಅತ್ತೆಯ ದನಿಗೊಂದು ಡ್ರೈವರ್

ಸಿಡಿ ಕೆಟ್ಟಿಲ್ಲ, ಅದನ್ನು ಓದುವ ಯಂತ್ರವೂ ಕೆಟ್ಟಿಲ್ಲ. ಆದರೂ ಒಳಗಿನ ಹಾಡು ಕೇಳಿಸದೆಂದರೆ ತಪ್ಪನ್ನು ಯಾರ ಮೇಲೆ ಹೊರಿಸುವಿರಿ, ಮಿತ್ರರೇ?

ಅರಕಲಗೂಡಿನ ನನ್ನ ಸೋದರತ್ತೆ ಸಾಕಮ್ಮನವರ ಮನೆಯಲ್ಲಿ ಕಳೆದ ವಾರ ಆ ತಪ್ಪೆಲ್ಲ ಕುಂಕುಮದ ಮೇಲೆ ಬಿದ್ದಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅತ್ತೆಯ ದನಿ ಹೋಯಿತು. ಅವರ ಸೋಬಾನೆ ಪದಗಳು ಉಳಿದಿರುವುದು ಒಂದೇ ಒಂದು ಸಿಡಿಯಲ್ಲಿ. ಹಿರಿಯ ಮೊಮ್ಮಗಳ ಮದುವೆ ಹತ್ತಿರವಾಗಿದೆ. ಅಕ್ಕನಿಗೆ ಅರಿಶಿನ ಹಚ್ಚುವಾಗ ಅಜ್ಜಿಯ ಪದಗಳನ್ನು ತಾನೇ ಹಾಡಬೇಕೆಂದು ಕಿರಿಯವಳಾದ ಕಾವ್ಯಳ ಹಟ. ಆದರೆ ಮನೆಯ ಹಳೆಯ ಕಂಪ್ಯೂಟರ್ ತನ್ನಲ್ಲೊಂದು ಸಿಡಿ ಡ್ರೈವ್ ಇದೆಯೆಂಬುದನ್ನೇ ಒಪ್ಪುತ್ತಿರಲಿಲ್ಲ.

“ಆಯುಧ್ ಪೂಜೇಲಿ ಅದರ ಬಾಯಿ ತೆಗ್ಸಿ ಕುಂಕುಮ ಇಕ್ದೋಳು ನೀನೇ ಕಣವ್ವ! ಈಗ ನೋಡು, ಕಣ್ಣೇ ಬಿಡ್ತಿಲ್ಲ” ಎಂದಳು ಕಾವ್ಯ.

“ಟ್ಯಾಕ್ಟರ್‌ಗೂ ಇಕ್ಕಿವ್ನಿ, ಅದೇನ್ ಕೆಟ್ಟೋಯ್ತಾ? ಅಣ್ಣಾ, ನೀವೇ ಯೋಳಿ” ಎಂದು ಅವಳ ತಾಯಿ, ಅತ್ತೆಯ ಸೊಸೆ ಗೌರಿ ನನ್ನತ್ತ ತಿರುಗಿದಳು.

ಕುಂಕುಮವನ್ನು ಒರೆಸಿ ನೋಡಿದೆ, ಫಲವಿಲ್ಲ. ಆಮೇಲೆ ಹೊಳೆಯಿತು: ಈಚೆಗೆ ರಿಪೇರಿಯಾದಾಗ ಈ ಕಂಪ್ಯೂಟರಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಸಿದ್ದರು. ಸಿಡಿ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸಿದ್ದ ಹಳೆಯ ಸರ್ಕ್ಯೂಟ್ ಕಾರ್ಡಿನ ಭಾಷೆ ಬಲ್ಲ ಡ್ರೈವರ್, ಅಂದರೆ ಯಂತ್ರಕ್ಕೂ ವ್ಯವಸ್ಥೆಗೂ ನಡುವಿನ ದುಭಾಷಿ ತಂತ್ರಾಂಶ, ಆ ಹೊಸದರಲ್ಲಿ ಇರಲೇ ಇಲ್ಲ! ಆರೋಪಿ ನಿರ್ದೋಷಿ!

ಹಾಸನದಿಂದ ತಂದಿದ್ದ ಪೆನ್‌ಡ್ರೈವಿನೊಳಗಿನ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಯಿಂದ ಕಂಪ್ಯೂಟರನ್ನು ಎಬ್ಬಿಸಿದೆ. ಗುರ್ರೆಂದು ಸಿಡಿ ತಿರುಗಿತು! ಯಾರೂ ಮಾರದ, ಯಾರೂ ಕೊಳ್ಳದ ಆ ಕಾರ್ಡಿಗಾಗಿ, ಯಾವ ದೇಶದವರೋ, ಅರಕಲಗೂಡಿನ ಹೆಸರನ್ನೂ ಕೇಳದವರು, ಒಂದು ಡ್ರೈವರನ್ನು ಬರೆದು, ಹಳತೆಂದು ಕಿತ್ತೆಸೆಯದೆ, ಎಲ್ಲರಿಗೂ ಸಲ್ಲಲೆಂದು ಆ ಮುಕ್ತ ವ್ಯವಸ್ಥೆಯಲ್ಲಿ ಉಳಿಸಿಟ್ಟಿದ್ದರು. ಹೊಸತನ್ನು ಕಟ್ಟುವುದಷ್ಟೇ ಸುಧಾರಣೆಯೆಂದು ವೇದಿಕೆಗಳಲ್ಲಿ ವಾದಿಸುತ್ತ ಬಂದವನು ನಾನು; ಹಳತರ ಮಾತನ್ನು ಹೊಸತಕ್ಕೆ ತಿಳಿಯಪಡಿಸುವುದೂ ಅಷ್ಟೇ ದೊಡ್ಡ ಸುಧಾರಣೆಯಲ್ಲವೇ?

ಸ್ಪೀಕರಿನಿಂದ ಅತ್ತೆಯ ತುಂಬುಗಂಠ ಹೊಮ್ಮಿತು. ಗೌರಿ ಸೆರಗನ್ನು ಬಾಯಿಗೊತ್ತಿಕೊಂಡಳು. ಕಾವ್ಯ ಜೊತೆಗೂಡಿ ಹಾಡತೊಡಗಿದಳು, ಉತ್ಸಾಹದಲ್ಲಿ ತಾಳ ಬಿಟ್ಟು ಮುಂದೋಡಿದಳು. ಅತ್ತೆ ಅಳಲಿಲ್ಲ; ಹುಬ್ಬು ಗಂಟಿಕ್ಕಿ, ಅವಳ ತೊಡೆಯ ಮೇಲೆ ಪಟಪಟನೆ ತಟ್ಟಿ, ಮೊದಲಿಂದ ಹಾಡೆಂದು ಬೆರಳಿನಿಂದಲೇ ಆಜ್ಞಾಪಿಸಿದರು.

ನಿಮ್ಮ ಮನೆಯಲ್ಲೂ ಹಿರಿಯರ ದನಿಯಿರುವ ಸಿಡಿಗಳಿದ್ದರೆ, ಓದಬಲ್ಲ ಯಂತ್ರ ಸಿಗುವಾಗಲೇ, ಈ ಭಾನುವಾರವೇ, ದಯವಿಟ್ಟು ಅವುಗಳ ನಕಲು ಮಾಡಿಟ್ಟುಕೊಳ್ಳಿ.